ಸೂಜಿ, ತಟ್ಟೆ, ಸೈಮನ್–ಗಾರ್ಫಂಕಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಗಾಯಕರಾದ ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕಲ್ ಜೋಡಿಯ ಕೊನೆಯ ಸ್ಟುಡಿಯೋ ಆಲ್ಬಂ ‘ಬ್ರಿಡ್ಜ್ ಓವರ್ ಟ್ರಬಲ್ಡ್ ವಾಟರ್’ ಕೊಲಂಬಿಯಾ ಕಂಪನಿಯಿಂದ 1970ರ ಜನವರಿ 26ರಂದು ಹೊರಬಂತು. ಹನ್ನೊಂದು ಹಾಡು, ಎರಡೂ ಬದಿ ಸೇರಿ ಸುಮಾರು 37 ನಿಮಿಷ. ಈ ಎಲ್‌ಪಿಯ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂಟಿ ಪಿಯಾನೋದ ಮೆಲುದನಿಯಿಂದ ಇಡೀ ವಾದ್ಯವೃಂದದ ಅಬ್ಬರದವರೆಗೆ ಒಂದೇ ಹಾಡಿನೊಳಗೆ ಏರುವ ತಟ್ಟೆ ಇದು. ನಿಮ್ಮ ಟರ್ನ್‌ಟೇಬಲ್‌ನಲ್ಲಿ ಎಲ್ಲಿ ಏನು ಸರಿಯಿಲ್ಲ ಎಂಬುದನ್ನು ಇಷ್ಟು ಬೇಗ ತೋರಿಸಿಕೊಡುವ ಪಾಪ್ ರೆಕಾರ್ಡ್ ಇನ್ನೊಂದು ಸಿಗುವುದು ಕಷ್ಟ. ಎಲ್ಲ ಸರಿಯಿದ್ದಾಗ ಇದು ಕೊಡುವ ಸುಖವೂ ಅಷ್ಟೇ ದೊಡ್ಡದು.

ಪ್ರಶ್ನೆ: ಈ ಆಲ್ಬಂನ ಹಳೆಯ ಎಲ್‌ಪಿ ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ‘ಮೊದಲ ಮುದ್ರಣ, ಅಪರೂಪ’ ಎಂದು ದೊಡ್ಡ ಬೆಲೆ ಹೇಳುತ್ತಿದ್ದಾರೆ. ಗುರುತಿಸುವುದು ಹೇಗೆ? – ಓದುಗರು, ಬೆಂಗಳೂರು

ಉತ್ತರ: ಮೊದಲನೆಯದಾಗಿ, ಇದು ಅಪರೂಪದ ರೆಕಾರ್ಡ್ ಅಲ್ಲವೇ ಅಲ್ಲ. ಜಗತ್ತಿನಾದ್ಯಂತ ಲಕ್ಷಗಟ್ಟಲೆ ಮಾರಾಟವಾದ ಆಲ್ಬಂ. ಅಪರೂಪವೆಂದರೆ ಚೆನ್ನಾಗಿ ಉಳಿದಿರುವ ಪ್ರತಿ. ಹಣ ಕೊಡುವುದಿದ್ದರೆ ತಟ್ಟೆಯ ಸ್ಥಿತಿಗೆ ಕೊಡಿ, ‘ಮೊದಲ ಮುದ್ರಣ’ ಎಂಬ ಮಾತಿಗಲ್ಲ.

ಅಮೆರಿಕದ ಮೂಲ ಪ್ರತಿಯ ಸಂಖ್ಯೆ ಕೆಸಿಎಸ್ 9914. 1970ರ ಆರಂಭದಲ್ಲಿ ಒತ್ತಿದ ಪ್ರತಿಗಳಲ್ಲಿ ಕೆಂಪು ಲೇಬಲ್‌ನ ಕೆಳಭಾಗದಲ್ಲಿ ‘360 ಸೌಂಡ್’ ಎಂಬ ಬರಹವೂ ಬಾಣದ ಗುರುತುಗಳೂ ಇರುತ್ತವೆ. ಅದೇ ವರ್ಷ ಕೊಲಂಬಿಯಾ ತನ್ನ ಲೇಬಲ್‌ನ ವಿನ್ಯಾಸ ಬದಲಿಸಿತು. ಆಮೇಲಿನವುಗಳಲ್ಲಿ ಕೆಂಪು ಲೇಬಲ್‌ನ ಅಂಚಿನ ಸುತ್ತ ‘ಕೊಲಂಬಿಯಾ’ ಎಂಬ ಹೆಸರು ಚಿನ್ನದ ಬಣ್ಣದಲ್ಲಿ ಸಾಲಾಗಿ ಬರುತ್ತದೆ. ಸಂಖ್ಯೆ 9914 ಹಾಗೇ ಉಳಿದು ಮುಂದಿನ ಅಕ್ಷರಗಳು ಮಾತ್ರ ಬೇರೆಯಿದ್ದರೆ ಅದು ನಂತರದ ಮರುಮುದ್ರಣ. ಬ್ರಿಟನ್ನಿನ ಪ್ರತಿ ಸಿಬಿಎಸ್ ಹೆಸರಿನಲ್ಲಿ ಬಂತು. ಕಿತ್ತಳೆ ಬಣ್ಣದ ಲೇಬಲ್, ಸಂಖ್ಯೆ 63699. ನಮ್ಮ ಹಳೆಯ ಅಂಗಡಿಗಳಿಗೆ ಬರುವ ವಿದೇಶಿ ಪ್ರತಿಗಳಲ್ಲಿ ಈ ಎರಡನ್ನೂ ನಿರೀಕ್ಷಿಸಬಹುದು, ಎರಡೂ ಕೇಳಲು ಚೆನ್ನಾಗಿವೆ.

ಕವರ್ ನೋಡಿ ತೀರ್ಮಾನಿಸಬೇಡಿ, ಒಂದು ತಟ್ಟೆಯನ್ನು ಇನ್ನೊಂದರ ಕವರ್‌ಗೆ ಹಾಕಿ ಮಾರುವುದು ಮಾಮೂಲಿ. ಕೊನೆಯ ಹಾಡು ಮತ್ತು ಲೇಬಲ್ ನಡುವಿನ ಖಾಲಿ ಪಟ್ಟಿಯಲ್ಲಿ ಕೆತ್ತಿದ ಅಥವಾ ಅಚ್ಚೊತ್ತಿದ ಸಂಖ್ಯೆ ಇರುತ್ತದೆ. ಎ ಬದಿ, ಬಿ ಬದಿ ಎರಡರದ್ದನ್ನೂ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಓದಿಕೊಳ್ಳಿ. ಸಂಖ್ಯೆಯ ಕೊನೆಯ ‘1ಎ’, ‘2ಸಿ’ ಮುಂತಾದ ಗುರುತುಗಳು ಯಾವ ಲ್ಯಾಕರ್‌ನಿಂದ (ಹಾಡನ್ನು ಮೊದಲು ಕೆತ್ತುವ ಮೂಲ ತಟ್ಟೆಯಿಂದ) ಅಚ್ಚು ತಯಾರಾಯಿತು ಎಂಬುದನ್ನು ಹೇಳುತ್ತವೆ. ಕೊಲಂಬಿಯಾ ತನ್ನ ಮೂರು ಕಾರ್ಖಾನೆಗಳಿಗೂ (ನ್ಯೂ ಜೆರ್ಸಿಯ ಪಿಟ್‌ಮನ್, ಇಂಡಿಯಾನಾದ ಟೆರ್ ಹೋಟ್, ಕ್ಯಾಲಿಫೋರ್ನಿಯಾದ ಸ್ಯಾಂಟಾ ಮರಿಯಾ) ಬೇರೆ ಬೇರೆ ಲ್ಯಾಕರ್ ಕಳಿಸುತ್ತಿದ್ದುದರಿಂದ ‘1ಎ’ ಇಲ್ಲದ್ದೂ ಮೊದಲ ವಾರದ ಪ್ರತಿಯಾಗಿರಬಹುದು. ಆದ್ದರಿಂದ ‘1ಎ’ ಗುರುತಿಗಾಗಿ ಹೆಚ್ಚು ಹಣ ತೆರುವುದು ದಂಡ.

ಅಂಗಡಿಯಲ್ಲೇ ಕೇಳಿ ನೋಡಲು ಬಿಟ್ಟರೆ ಹಾಡಿನ ಆರಂಭ ಕೇಳಿ ಒಪ್ಪಿಕೊಳ್ಳಬೇಡಿ. ಮೂರು ಜಾಗ ಕೇಳಿ: ಶೀರ್ಷಿಕೆ ಗೀತೆಯ ಕೊನೆಯ ಮುಕ್ಕಾಲು ನಿಮಿಷ, ಎ ಬದಿಯ ಕೊನೆಯ ‘ಸೋ ಲಾಂಗ್, ಫ್ರ್ಯಾಂಕ್ ಲಾಯ್ಡ್ ರೈಟ್’, ಬಿ ಬದಿಯ ಕೊನೆಯ ‘ಸಾಂಗ್ ಫಾರ್ ದಿ ಆಸ್ಕಿಂಗ್’. ಮೊದಲನೆಯದರಲ್ಲಿ ದನಿ ಒಡೆದರೆ ಗ್ರೂವ್ (ಸೂಜಿ ಓಡುವ ಸಣ್ಣ ಕಾಲುವೆ) ಸವೆದಿದೆ ಎಂಬ ಶಂಕೆ. ಉಳಿದೆರಡು ಬಹಳ ಮೆಲುದನಿಯ ಹಾಡುಗಳು, ಅಲ್ಲಿ ಪಟಪಟ ಸದ್ದು ಎಷ್ಟಿದೆ ಎಂಬುದೇ ತಟ್ಟೆಯ ನಿಜವಾದ ದರ್ಜೆ. ಮಾರಾಟಗಾರರ ಭಾಷೆಯ ‘ವೆರಿ ಗುಡ್’ ದರ್ಜೆ ಗದ್ದಲದ ರಾಕ್ ಸಂಗೀತಕ್ಕೆ ನಡೆಯುತ್ತದೆ. ಈ ಆಲ್ಬಂಗೆ ‘ವೆರಿ ಗುಡ್ ಪ್ಲಸ್’ಗಿಂತ ಕೆಳಗಿನದನ್ನು ಕೊಳ್ಳಬೇಡಿ ಎಂಬುದು ನಮ್ಮ ಖಚಿತ ಸಲಹೆ.

ಪ್ರಶ್ನೆ: ಶೀರ್ಷಿಕೆ ಗೀತೆಯ ಕೊನೆಯ ಭಾಗದಲ್ಲಿ ಗಾರ್ಫಂಕಲ್ ದನಿ ಏರಿಸಿದಾಗ ನನ್ನ ಸೆಟ್‌ನಲ್ಲಿ ಕರಕರ ಎಂದು ಒಡೆಯುತ್ತದೆ. ಬೇರೆ ರೆಕಾರ್ಡ್‌ಗಳಲ್ಲಿ ಇಷ್ಟಿಲ್ಲ. ಕಾರ್ಟ್ರಿಡ್ಜ್ (ಸೂಜಿ ಕೂರುವ ಭಾಗ) ಆಡಿಯೋ-ಟೆಕ್ನಿಕಾ ವಿಎಂ95ಇ. ತಟ್ಟೆ ಹಾಳಾಗಿದೆಯೇ, ಸೂಜಿ ಹೋಗಿದೆಯೇ? – ಓದುಗರು, ಮೈಸೂರು

ಉತ್ತರ: ಒಳ್ಳೆಯ ಜಾಗದಲ್ಲೇ ಗಮನಿಸಿದ್ದೀರಿ. ಎಲ್‌ಪಿಯಲ್ಲಿ ಹೊರ ಅಂಚಿನ ಗ್ರೂವ್ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ವೇಗದಲ್ಲಿ ಹಾಯುತ್ತದೆ. ಲೇಬಲ್ ಹತ್ತಿರ ಅದು 21ಕ್ಕೆ ಇಳಿಯುತ್ತದೆ. ಅಂದರೆ ಅದೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿ ತುಂಬಬೇಕು, ಸೂಜಿಗೆ ತಿರುವುಗಳು ಕಡಿದಾಗುತ್ತವೆ, ಅದಕ್ಕೇ ಒಳಗಿನ ಹಾಡುಗಳಲ್ಲಿ ದನಿ ಒಡೆಯುವುದು ಹೆಚ್ಚು. ಈ ಆಲ್ಬಂನಲ್ಲಿ ದೊಡ್ಡ ಹಾಡುಗಳೆರಡೂ, ಶೀರ್ಷಿಕೆ ಗೀತೆ ಮತ್ತು ‘ದಿ ಬಾಕ್ಸರ್’, ತಮ್ಮ ತಮ್ಮ ಬದಿಯ ಮೊದಲಲ್ಲೇ ಇವೆ, ಅಂದರೆ ಅತಿ ವೇಗದ ಹೊರ ಅಂಚಿನಲ್ಲಿ. ಪಿಸುದನಿಯವು ಒಳಗೆ. ಎಲ್‌ಪಿಗೆ ಹಾಡುಗಳನ್ನು ಜೋಡಿಸುವ ಕ್ರಮ ಇದಕ್ಕಿಂತ ಚೆನ್ನಾಗಿರಲಾರದು. ಹಾಗಾಗಿ ನಿಮ್ಮಲ್ಲಿ ಒಡೆಯುತ್ತಿರುವುದಕ್ಕೆ ಒಳಗ್ರೂವ್ ಕಾರಣವಲ್ಲ, ಬೇರೆ ಕಾರಣ ಹುಡುಕಬೇಕು.

ಮೊದಲು ಸೂಜಿಯ ತುದಿ ನೋಡಿ. ನೂಲಿನಂಥ ಬೂದು ಧೂಳಿನ ಉಂಡೆ ಕೂತಿದ್ದರೆ ಅದೇ ಕಾರಣವಿರಬಹುದು. ಸಣ್ಣ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಿರಿ. ಅಡ್ಡಡ್ಡ ಅಥವಾ ಮುಂದಿನಿಂದ ಹಿಂದಕ್ಕೆ ಎಳೆದರೆ ಸೂಜಿಯ ಕಡ್ಡಿ ಬಾಗುತ್ತದೆ.

ಆಮೇಲೆ ಸೂಜಿ ತಟ್ಟೆಯನ್ನು ಒತ್ತುವ ಭಾರ. ವಿಎಂ95ಇಗೆ ಕಂಪನಿ ಹೇಳುವುದು 1.8ರಿಂದ 2.2 ಗ್ರಾಂ, ನಡುವಿನ 2.0 ಸರಿಯಾದದ್ದು. ಟೋನ್‌ಆರ್ಮ್‌ನ (ಸೂಜಿ ಹೊತ್ತ ತೋಳಿನ) ಡಯಲ್ ನಂಬಬೇಡಿ, 0.01 ಗ್ರಾಂ ತೋರಿಸುವ ಡಿಜಿಟಲ್ ಸ್ಟೈಲಸ್ (ಸೂಜಿ) ತಕ್ಕಡಿಯಿಂದ ಅಳೆಯಿರಿ. ಮೊದಲು ಆಂಟಿಸ್ಕೇಟ್ (ತೋಳು ಒಳಕ್ಕೆ ಎಳೆಯಲ್ಪಡುವುದನ್ನು ತಡೆಯುವ ಹೊಂದಿಕೆ) ಸೊನ್ನೆಗೆ ತನ್ನಿ, ಸೂಜಿಯ ಮುಚ್ಚಳ ತೆಗೆಯಿರಿ, ಹಿಂದಿನ ಭಾರದ ಬಿಲ್ಲೆಯನ್ನು ತಿರುಗಿಸುತ್ತಾ ಟೋನ್‌ಆರ್ಮ್ ಮೇಲೂ ಹೋಗದೆ ಕೆಳಗೂ ಇಳಿಯದೆ ಮಟ್ಟಸವಾಗಿ ತೇಲುವಂತೆ ಮಾಡಿ. ಬಿಲ್ಲೆ ಅಲುಗದಂತೆ ಹಿಡಿದು ಅದರ ಅಂಕಿಯ ಉಂಗುರವನ್ನು ಮಾತ್ರ ಸೊನ್ನೆಗೆ ತಿರುಗಿಸಿ, ನಂತರ ಎರಡನ್ನೂ ಒಟ್ಟಿಗೆ 2ರವರೆಗೆ ತಿರುಗಿಸಿ ತಕ್ಕಡಿಯಲ್ಲಿ ನೋಡಿ. ತಕ್ಕಡಿಯ ತಟ್ಟೆ ರೆಕಾರ್ಡ್‌ನ ಮೇಲ್ಮೈ ಎತ್ತರದಲ್ಲೇ ಇರಬೇಕು. ಕೊನೆಗೆ ಆಂಟಿಸ್ಕೇಟ್ ಅನ್ನೂ 2ಕ್ಕೆ ಇಡಿ. ಭಾರ ಕಡಿಮೆಯಿಟ್ಟರೆ ತಟ್ಟೆ ಸವೆಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ಅದು ತಪ್ಪು. ಭಾರ ಸಾಲದ ಸೂಜಿ ಜೋರಿನ ಜಾಗದಲ್ಲಿ ಗ್ರೂವ್‌ನ ಗೋಡೆ ಬಿಟ್ಟು ಹಾರಿ ಮತ್ತೆ ಬಡಿಯುತ್ತದೆ. ನಿಮಗೆ ಕೇಳಿಸುತ್ತಿರುವ ಕರಕರ ಆ ಬಡಿತವೇ ಇರಬಹುದು. ಪ್ರತಿ ಬಡಿತಕ್ಕೂ ವಿನೈಲ್ ಸ್ವಲ್ಪ ಕೆತ್ತಿಹೋಗುತ್ತದೆ.

ಒಡೆಯುವುದು ಬಲಗಡೆಯ ಸ್ಪೀಕರ್‌ನಲ್ಲಿ ಹೆಚ್ಚಿದ್ದರೆ ಆಂಟಿಸ್ಕೇಟ್ ಸಾಲದು. ತಿರುಗುವ ತಟ್ಟೆ ಟೋನ್‌ಆರ್ಮ್ ಅನ್ನು ಒಳಗೆಳೆಯುತ್ತದೆ, ಸೂಜಿ ಒಳಗೋಡೆಗೆ ಒರಗುತ್ತದೆ, ಬಲ ಚಾನೆಲ್ ಇರುವ ಹೊರಗೋಡೆಯ ಹಿಡಿತ ತಪ್ಪುತ್ತದೆ. ಆಂಟಿಸ್ಕೇಟ್ ಅನ್ನು ಅರ್ಧರ್ಧ ಅಂಕಿಯಂತೆ ಏರಿಸಿ ಕೇಳಿ.

ಇಷ್ಟಾದ ಮೇಲೂ ಒಡೆದರೆ ಸೂಜಿಯ ಆಯಸ್ಸು ಲೆಕ್ಕಹಾಕಿ. ಈ ಎಲಿಪ್ಟಿಕಲ್ (ಅಂಡಾಕಾರದ) ತುದಿಗೆ ಸುಮಾರು 300 ಗಂಟೆ. ದಿನಕ್ಕೆ ಒಂದು ಎಲ್‌ಪಿ ಕೇಳಿದರೆ ಒಂದೂಕಾಲು ವರ್ಷದಲ್ಲಿ ಮುಗಿಯುತ್ತದೆ. ಕಾರ್ಟ್ರಿಡ್ಜ್ ಬದಲಿಸಬೇಕಿಲ್ಲ, ಮುಂಭಾಗದ ಸೂಜಿಯನ್ನಷ್ಟೇ ಎಳೆದು ತೆಗೆದು ಹೊಸದು ಸಿಕ್ಕಿಸಿದರಾಯಿತು. ಕೈಯಲ್ಲಿ ಹಣವಿದ್ದರೆ ಅದೇ ದೇಹಕ್ಕೆ ಕೂರುವ ಮೈಕ್ರೋಲೀನಿಯರ್ ಸೂಜಿ ಹಾಕಿಸಿ. ಸುಮಾರು 1000 ಗಂಟೆ ಬರುತ್ತದೆ. ಅದರ ಸಪೂರ ತುದಿ ಹಳೆಯ ದುಂಡು ಸೂಜಿಗಳು ಮುಟ್ಟದೆ ಬಿಟ್ಟ ಗೋಡೆಯ ಭಾಗವನ್ನು ಓದುವುದರಿಂದ, ಸವೆದಂತೆ ಕೇಳುತ್ತಿದ್ದ ತಟ್ಟೆಯೂ ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ. ಹೊಸ ಸೂಜಿಯಲ್ಲೂ ಅದೇ ಜಾಗದಲ್ಲಿ, ಅದೇ ರೀತಿ, ಎರಡೂ ಸ್ಪೀಕರ್‌ನಲ್ಲಿ ಒಡೆದರೆ ಹಿಂದಿನವರು ಭಾರದ ಸೆರಾಮಿಕ್ ಕಾರ್ಟ್ರಿಡ್ಜ್‌ನಲ್ಲಿ ಗ್ರೂವ್ ಉತ್ತು ಹಾಕಿದ್ದಾರೆ ಎಂದೇ ಅರ್ಥ. ಅದಕ್ಕೆ ಮದ್ದಿಲ್ಲ, ಬೇರೆ ಪ್ರತಿ ನೋಡಿಕೊಳ್ಳಿ.

ಪ್ರಶ್ನೆ: ಎ ಬದಿಯ ಕೊನೆಯಲ್ಲಿ ಹಾಡು ಕರಗಿಹೋಗುವಾಗ ದೂರದಲ್ಲಿ ಯಾರೋ ಕೂಗಿದಂತೆ ಕೇಳುತ್ತದೆ. ನನ್ನ ಪ್ರತಿಯ ದೋಷವೇ? – ಓದುಗರು, ತುಮಕೂರು

ಉತ್ತರ: ದೋಷವಲ್ಲ, ಅದು ಕೇಳಿಸಿದ್ದು ನಿಮ್ಮ ತಟ್ಟೆ ಶುಭ್ರವಾಗಿದೆ ಎನ್ನುವುದಕ್ಕೆ ಸಾಕ್ಷಿ. ಕೂಗುವವರು ಆಲ್ಬಂನ ಸಹ ನಿರ್ಮಾಪಕ ಮತ್ತು ಧ್ವನಿಮುದ್ರಣ ಎಂಜಿನಿಯರ್ ರಾಯ್ ಹೇಲಿ. ಆರ್ಟ್ ಗಾರ್ಫಂಕಲ್‌ಗೆ ತಮಾಷೆಯಾಗಿ ವಿದಾಯ ಹೇಳುತ್ತಿದ್ದಾರೆ. ಗಾರ್ಫಂಕಲ್ ವಾಸ್ತುಶಿಲ್ಪ ಓದಿದ್ದವರು, ಹಾಡಿನ ಹೆಸರಿನಲ್ಲಿರುವ ಫ್ರ್ಯಾಂಕ್ ಲಾಯ್ಡ್ ರೈಟ್ ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ. ಈ ಆಲ್ಬಂ ಆದಮೇಲೆ ಜೋಡಿ ಬೇರೆಯಾಯಿತು ಎಂಬುದು ಗೊತ್ತಿದ್ದು ಕೇಳಿದರೆ ಆ ಕೂಗು ಮನಸ್ಸಿಗೆ ನಾಟುತ್ತದೆ.

ಪ್ರಶ್ನೆ: ಅಟ್ಟದ ಪೆಟ್ಟಿಗೆಯಲ್ಲಿದ್ದ ಎಲ್‌ಪಿಗಳ ಮೇಲೆ ಬಿಳಿ ಬೂಷ್ಟು ಹಿಡಿದಿದೆ. ಸೈಮನ್–ಗಾರ್ಫಂಕಲ್ ತಟ್ಟೆಯಲ್ಲಿ ಚುಕ್ಕೆ ಚುಕ್ಕೆಯಾಗಿದೆ. ಸೋಪು ಹಾಕಿ ತೊಳೆಯಬಹುದೇ? ಅದೇ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ನಾಟಕದ ಹಾಡಿನ ಪ್ಲೇಟುಗಳೂ ಇವೆ. – ಓದುಗರು, ತೀರ್ಥಹಳ್ಳಿ

ಉತ್ತರ: ಎರಡನ್ನೂ ಈಗಲೇ ಬೇರೆ ಮಾಡಿ. ಅಜ್ಜನ ಕಾಲದವು 78 ವೇಗದ ಪ್ಲೇಟುಗಳಾದರೆ ಅವು ಅರಗಿನಿಂದ ಮಾಡಿದವು. ಮುಂದೆ ಹೇಳುವ ದ್ರಾವಣದಲ್ಲಿರುವ ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ, ಒಮ್ಮೆ ಒರೆಸಿದರೆ ಹಾಡೇ ಹೋಯಿತು. ಅವುಗಳಿಗೆ ಡಿಸ್ಟಿಲ್ಡ್ ವಾಟರ್‌ಗೆ ಒಂದೆರಡು ಹನಿ ವಾಸನೆಯಿಲ್ಲದ ಮೃದು ಸೋಪಿನ ದ್ರವ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಒಣಗಿಸಿದರೆ ಸಾಕು. ನೀರಿನಲ್ಲಿ ಮುಳುಗಿಸಿ ಇಡಬೇಡಿ.

ವಿನೈಲ್ ಎಲ್‌ಪಿಗೆ: ಡಿಸ್ಟಿಲ್ಡ್ ವಾಟರ್ 400 ಮಿಲಿ, ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್ 100 ಮಿಲಿ, ಫಿಲಂ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ 2–3 ಹನಿ. ಕೊನೆಯದು ನೀರಿನ ಬಿಗಿತ ಸಡಿಲಿಸಿ ದ್ರಾವಣವನ್ನು ಗ್ರೂವ್‌ನ ತಳಕ್ಕೆ ಇಳಿಸುತ್ತದೆ. ಅದಿಲ್ಲದೆ ನೀರು ಮುತ್ತಿನಂತೆ ಮೇಲೇ ನಿಲ್ಲುತ್ತದೆ. ಹನಿ ಹೆಚ್ಚಾದರೆ ಅಂಟಿನ ಪೊರೆ ಉಳಿದು ಸೂಜಿಗೆ ಮೆತ್ತಿಕೊಳ್ಳುತ್ತದೆ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ. ಒಣಗಿದ ಮೇಲೆ ಅದರ ಸುಣ್ಣದಂಶ ಗ್ರೂವ್‌ನಲ್ಲಿ ಕೂತು ಹೊಸ ಪಟಪಟ ಶುರುವಾಗುತ್ತದೆ. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುವ ವಸ್ತು. ಒಲೆ, ದೀಪ, ಊದುಬತ್ತಿಯಿಂದ ದೂರ, ಕಿಟಕಿ ತೆರೆದು ಬಳಸಿ.

ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಹೊರಗೆ ಜಗುಲಿಯಲ್ಲಿ ಒಣ ಬೂಷ್ಟನ್ನು ಮೃದು ಬ್ರಷ್‌ನಿಂದ ಝಾಡಿಸಿ. ಮನೆಯೊಳಗೆ ಝಾಡಿಸಿದರೆ ಬೀಜಕಣ ಉಳಿದ ತಟ್ಟೆಗಳಿಗೆ ಹಾರುತ್ತದೆ. ತಟ್ಟೆಯನ್ನು ದಪ್ಪ ಟವೆಲ್ ಮೇಲೆ ಮಲಗಿಸಿ, ಲೇಬಲ್ ಮೇಲೆ ಅದೇ ಅಳತೆಯ ಪ್ಲಾಸ್ಟಿಕ್ ಮುಚ್ಚಳ ಕವುಚಿ. ಒಂದು ಬದಿಗೆ 8–10 ಮಿಲಿ ದ್ರಾವಣ ಸಾಕು. ಅದನ್ನು ಸುರಿದು ಒಂದು ನಿಮಿಷ ನೆನೆಯಲು ಬಿಡಿ, ಆಮೇಲೆ ಮೃದು ಬಿರುಗೂದಲಿನ ಬ್ರಷ್ ಅಥವಾ ವೆಲ್ವೆಟ್ ಪ್ಯಾಡ್ ಅನ್ನು ಗ್ರೂವ್ ಹೋಗುವ ದಿಕ್ಕಿನಲ್ಲೇ ಆರೇಳು ಸುತ್ತು ನಡೆಸಿ. ಕೇಂದ್ರದಿಂದ ಅಂಚಿಗೆ ಅಡ್ಡವಾಗಿ ಉಜ್ಜಬಾರದು. ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಹೀರಿಸಿ, ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಎರಡು ಸಲ ಜಾಲಿಸಿ. ಹೆಚ್ಚಿನವರು ಬಿಡುವುದು ಈ ಜಾಲಿಸುವ ಕೆಲಸವನ್ನೇ. ಸಡಿಲಾದ ಕೊಳೆ ಅಲ್ಲೇ ಒಣಗಿ ‘ತೊಳೆದ ಮೇಲೆ ಇನ್ನೂ ಕೆಟ್ಟಿತು’ ಎನ್ನುವಂತಾಗುತ್ತದೆ. ಪಾತ್ರೆ ಒಣಗಿಸುವ ಸ್ಟ್ಯಾಂಡ್‌ನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಲ್ಲಿ ಎರಡು ಮೂರು ಗಂಟೆ ಬಿಡಿ. ಬಿಸಿಲು, ಹೇರ್ ಡ್ರೈಯರ್ ಬೇಡ.

ಹಳೆಯ ಒಳಚೀಲ ಬಿಸಾಡಿ, ಬೂಷ್ಟಿನ ಬೇರು ಆ ಕಾಗದದಲ್ಲೇ ಇರುತ್ತದೆ. ಹೊಸ ಪಾಲಿಥೀನ್ ಒಳಚೀಲ ಹಾಕಿ. ದಪ್ಪ ಪಿವಿಸಿ ಚೀಲ ಬಳಸಬೇಡಿ, ಅದರಿಂದ ಹೊರಬರುವ ಮೃದುಕಾರಕ ತಟ್ಟೆಯ ಮೇಲೆ ಮಂಜಿನಂಥ ಕಲೆ ಬಿಡುತ್ತದೆ, ಅದು ತೊಳೆದರೂ ಹೋಗುವುದಿಲ್ಲ. ಕವರ್ ರಟ್ಟನ್ನು ಒಣ ಬಟ್ಟೆಯಿಂದ ಒರೆಸಿ ಒಂದು ದಿನ ನೆರಳಲ್ಲಿ ಗಾಳಿಗೆ ಬಿಡಿ. ಬೂಷ್ಟು ಹೋದರೂ ಕೆಲವು ಚುಕ್ಕೆ ವಿನೈಲ್‌ನಲ್ಲಿ ಗುರುತು ಬಿಟ್ಟಿರುತ್ತವೆ. ಅವು ಕೊನೆಯ ಮೆಲುದನಿ ಹಾಡಿನಲ್ಲಿ ಸಣ್ಣಗೆ ಕೇಳಿಸಬಹುದು, ಉಳಿದ ಕಡೆ ಹಾಡಿನಲ್ಲಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಅಲ್ಲಿ ಬಳಸುತ್ತಿದ್ದ 1970ರ ದಶಕದ ಬೆಲ್ಟ್ ಟರ್ನ್‌ಟೇಬಲ್ ತಂದುಕೊಟ್ಟಿದ್ದಾನೆ. 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿಯೇ ಓಡಿಸುತ್ತಿದ್ದೇವೆ. ಗಾರ್ಫಂಕಲ್ ಗಂಟಲು ಕಟ್ಟಿದವರಂತೆ ಎಳೆದೆಳೆದು ಹಾಡುತ್ತಾನೆ. ಬೆಲ್ಟ್ ಬದಲಿಸಿದರೂ ಸರಿಹೋಗಲಿಲ್ಲ. – ಓದುಗರು, ಧಾರವಾಡ

ಉತ್ತರ: ಬೆಲ್ಟ್‌ನ ತಪ್ಪಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಆ ಕಾಲದ ಬೆಲ್ಟ್ ಯಂತ್ರಗಳಲ್ಲಿ ಹೆಚ್ಚಿನವುಗಳ ಸಿಂಕ್ರೊನಸ್ ಎಸಿ ಮೋಟಾರು ಆವರ್ತನದ ಲೆಕ್ಕದಲ್ಲೇ ತಿರುಗುತ್ತದೆ. ಹಾಗಾಗಿ 33⅓ ಸುತ್ತಿನ ಬದಲು ನಿಮಿಷಕ್ಕೆ ಸುಮಾರು 27.8 ಸುತ್ತು. ನೀವು ಧಾರವಾಡದವರು, ಶ್ರುತಿಯ ಲೆಕ್ಕದಲ್ಲಿ ಹೇಳುವುದಾದರೆ ಕರಿ ಎರಡರಲ್ಲಿರುವ ಶೀರ್ಷಿಕೆ ಗೀತೆ ಬಿಳಿ ಒಂದಕ್ಕೆ ಇಳಿದುಬಿಡುತ್ತದೆ. ಹಾರ್ಮೋನಿಯಂ ಇಟ್ಟುಕೊಂಡು ನೋಡಿದರೆ ತಕ್ಷಣ ತಿಳಿಯುತ್ತದೆ. ಇಲ್ಲವೇ ಗಡಿಯಾರ ಹಿಡಿಯಿರಿ: ‘ದಿ ಬಾಕ್ಸರ್’ 5 ನಿಮಿಷ 8 ಸೆಕೆಂಡಿನ ಹಾಡು, ನಿಮ್ಮ ಯಂತ್ರದಲ್ಲಿ 6 ನಿಮಿಷ 10 ಸೆಕೆಂಡ್ ಹತ್ತಿರ ತೆಗೆದುಕೊಂಡರೆ ಕಾರಣ ಇದೇ.

ಪರಿಹಾರ ಮೋಟಾರಿನ ಮೇಲಿರುವ ಪುಲ್ಲಿಯಲ್ಲಿದೆ. 50 ಹರ್ಟ್ಸ್‌ಗೆ ಅದರ ವ್ಯಾಸ 1.2 ಪಟ್ಟು ದೊಡ್ಡದಿರಬೇಕು. ಅದೇ ಮಾದರಿಯ ಯುರೋಪಿನ ಆವೃತ್ತಿಯ ಪುಲ್ಲಿ ಸಿಕ್ಕರೆ ಹಾಗೇ ಕೂರುತ್ತದೆ. ಸಿಗದಿದ್ದರೆ ಒಳ್ಳೆಯ ಲೇತ್ ಕೆಲಸಗಾರರಿಂದ ಹಿತ್ತಾಳೆಯಲ್ಲಿ ಮಾಡಿಸಬಹುದು. ಆದರೆ ನಡುವಿನ ರಂಧ್ರ ಕೂದಲೆಳೆಯಷ್ಟು ಪಕ್ಕಕ್ಕಾದರೂ ಪಿಯಾನೋದ ದೀರ್ಘ ಸ್ವರಗಳು ಅಲೆಯತೊಡಗುತ್ತವೆ. ಈ ಆಲ್ಬಂ ಪಿಯಾನೋದಿಂದಲೇ ಶುರುವಾಗುವುದರಿಂದ ಆ ಪರೀಕ್ಷೆ ಅಲ್ಲೇ ಆಗಿಹೋಗುತ್ತದೆ. ಪುಲ್ಲಿಗೆ ಟೇಪು ಸುತ್ತಿ ದಪ್ಪ ಮಾಡುವ ಉಪಾಯಕ್ಕೆ ಹೋಗಬೇಡಿ, ವೇಗ ನಿಲ್ಲುವುದಿಲ್ಲ.

ತಟ್ಟೆಯ ವೇಗ ನೋಡಲು ಸ್ಟ್ರೋಬ್ ಕಾಗದ (ವೇಗ ಸರಿಯಿದ್ದರೆ ದೀಪದ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುವ ಬಿಲ್ಲೆ) ಬಳಸುವುದಾದರೆ ನಮ್ಮ ಕರೆಂಟಿಗೆ 33⅓ರ ಸಾಲಿನಲ್ಲಿ 180 ಗೆರೆಯದ್ದು ಬೇಕು, ಅಮೆರಿಕದ್ದು 216. ಡಿಸಿ ಮೋಟಾರಿನ ಅಥವಾ ಕ್ವಾರ್ಟ್ಜ್ ನಿಯಂತ್ರಣದ ಡೈರೆಕ್ಟ್ ಡ್ರೈವ್ ಯಂತ್ರಗಳಿಗೆ ಆವರ್ತನದ ತೊಂದರೆಯಿಲ್ಲ, ಅವುಗಳಿಗೆ ವೋಲ್ಟೇಜ್ ಸರಿಯಿದ್ದರೆ ಸಾಕು. ವಿದೇಶದಿಂದ ತರಿಸುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಹೊಸ ಟರ್ನ್‌ಟೇಬಲ್ ಅನ್ನು ಹೋಂ ಥಿಯೇಟರ್‌ನ ಆಕ್ಸ್‌ಗೆ ಜೋಡಿಸಿದೆ. ದನಿ ಸಣ್ಣ, ಚುರುಕು ಮಾತ್ರ ಇದೆ, ಬೇಸ್ ಇಲ್ಲ. ಜೊತೆಗೆ ಗುಂಯ್ ಎಂಬ ಸದ್ದು. – ಓದುಗರು, ಹಾಸನ

ಉತ್ತರ: ಎಲ್‌ಪಿ ಕೆತ್ತುವಾಗ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ, ಇಲ್ಲದಿದ್ದರೆ ಬೇಸ್ ಗ್ರೂವ್‌ಗಳು ಅಗಲವಾಗಿ ಒಂದು ಬದಿಯಲ್ಲಿ ಇಷ್ಟು ನಿಮಿಷ ಹಿಡಿಯುವುದಿಲ್ಲ. ಅದನ್ನು ತಿರುವುಮುರುವು ಮಾಡಿ ಮೊದಲಿನಂತಾಗಿಸುವ ಕೆಲಸ ಫೋನೋ ಪ್ರೀಆಂಪ್‌ನದ್ದು. ಕಾರ್ಟ್ರಿಡ್ಜ್‌ನಿಂದ ಬರುವುದೂ 4 ಮಿಲಿವೋಲ್ಟ್‌ನಷ್ಟು ಮಾತ್ರ, ಆಕ್ಸ್‌ಗೆ ಅದರ ಐವತ್ತು, ನೂರು ಪಟ್ಟು ಬೇಕು. ಟರ್ನ್‌ಟೇಬಲ್‌ನ ಹಿಂದೆ ‘ಫೋನೋ–ಲೈನ್’ ಸ್ವಿಚ್ ಇದೆಯೇ ನೋಡಿ, ಇದ್ದರೆ ‘ಲೈನ್’ಗೆ ಹಾಕಿ. ಇಲ್ಲದಿದ್ದರೆ ನಡುವೆ ಒಂದು ಫೋನೋ ಪ್ರೀಆಂಪ್ ಕೊಳ್ಳಬೇಕು. ಎರಡು ಪ್ರೀಆಂಪ್ ಒಂದರ ಮೇಲೊಂದು ಆಗಬಾರದು, ಹಾಗಾದರೆ ದನಿ ಮೊದಲ ಸಾಲಿನಿಂದಲೇ ಒಡೆಯುತ್ತದೆ.

ಗುಂಯ್ ಸದ್ದಿಗೆ, ಟರ್ನ್‌ಟೇಬಲ್‌ನಿಂದ ಬರುವ ತೆಳು ಗ್ರೌಂಡ್ ತಂತಿಯನ್ನು ಪ್ರೀಆಂಪ್‌ನ ‘ಜಿಎನ್‌ಡಿ’ ತಿರುಪಿಗೆ ಬಿಗಿಯಿರಿ. ಅದನ್ನು ಗೋಡೆಯ ಮೂರು ಪಿನ್ ಸಾಕೆಟ್‌ನ ಅರ್ಥ್‌ಗೆ ತುರುಕಬೇಡಿ, ಅಪಾಯ. ಪ್ರೀಆಂಪ್ ಅನ್ನು ಇನ್ವರ್ಟರ್, ಸ್ಟೆಬಿಲೈಸರ್, ವೈಫೈ ಪೆಟ್ಟಿಗೆಯಿಂದ ಒಂದು ಮೀಟರ್‌ ದೂರ ಸರಿಸಿ. ಕರೆಂಟು ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಝುಂಯ್‌ಗುಡುವುದಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಸದ್ದು. ಸೈನ್ ವೇವ್ ಇನ್ವರ್ಟರ್‌ನಲ್ಲಿ ಆ ಕಾಟವಿಲ್ಲ.

ಪ್ರಶ್ನೆ: ‘ದಿ ಬಾಕ್ಸರ್’ ಪಲ್ಲವಿಯಲ್ಲಿ ಗುಂಡು ಹಾರಿದಂತೆ ಬರುವ ಡ್ರಮ್ ಪೆಟ್ಟು ಹೇಗೆ ಮಾಡಿದ್ದು? ಯೂಟ್ಯೂಬ್‌ನ ಕಛೇರಿಯಲ್ಲಿ ಕೇಳಿದ ಒಂದು ಚರಣ ನನ್ನ ಎಲ್‌ಪಿಯಲ್ಲಿಲ್ಲ. – ಓದುಗರು, ಉಡುಪಿ

ಉತ್ತರ: ಡ್ರಮ್ ಬಾರಿಸಿದವರು ಹ್ಯಾಲ್ ಬ್ಲೇನ್. ನ್ಯೂಯಾರ್ಕ್‌ನಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ ಡ್ರಮ್‌ಗಳನ್ನು ಕೋಣೆಯೊಳಗಲ್ಲ, ಲಿಫ್ಟ್ ಎದುರಿನ ಹಜಾರದಲ್ಲಿ ಇಟ್ಟು ರಾಯ್ ಹೇಲಿ ಮುದ್ರಿಸಿಕೊಂಡರು. ಹಜಾರ, ಲಿಫ್ಟ್ ಬಾವಿಯ ಟೊಳ್ಳು ಎರಡೂ ಸೇರಿ ಆ ಮೊಳಗು ಬಂತು, ಯಂತ್ರದಿಂದ ಹಾಕಿದ ಪ್ರತಿಧ್ವನಿಯಲ್ಲ. ಹಾಡನ್ನು ನ್ಯಾಶ್‌ವಿಲ್‌ನಲ್ಲಿ ಶುರುಮಾಡಿ, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಸೇಂಟ್ ಪಾಲ್ಸ್ ಚಾಪೆಲ್‌ನ ಗುಮ್ಮಟದಡಿಯೂ ಮುದ್ರಿಸಿದ್ದಾರೆ. ಟ್ರ್ಯಾಕ್ ಸಾಲದೆ ಎರಡು 8 ಟ್ರ್ಯಾಕ್ ಯಂತ್ರಗಳನ್ನು ಜೊತೆಯಾಗಿ ಓಡಿಸಿದ್ದರು. ನಡುವೆ ಬರುವ ಒಂಟಿ ವಾದ್ಯದ ರಾಗ ಪೆಡಲ್ ಸ್ಟೀಲ್ ಗಿಟಾರ್ ಮತ್ತು ಪಿಕೊಲೊ ಟ್ರಂಪೆಟ್ ಒಂದರ ಮೇಲೊಂದು ಕೂರಿಸಿದ್ದು. ಚೆನ್ನಾಗಿ ಹೊಂದಿಸಿದ ಸೂಜಿಯಲ್ಲಿ ಎರಡರ ಅಂಚೂ ಬೇರೆಬೇರೆಯಾಗಿ ಕಿವಿಗೆ ಸಿಗುತ್ತವೆ. 1971ರ ಗ್ರ್ಯಾಮಿಯಲ್ಲಿ ಆಲ್ಬಂಗೆ ವರ್ಷದ ಆಲ್ಬಂ ಪ್ರಶಸ್ತಿ ಬಂದ ಜೊತೆಗೆ ಹೇಲಿಗೆ ಧ್ವನಿಮುದ್ರಣದ ಪ್ರಶಸ್ತಿಯೂ ಬಂತು. ನಮಗೆ ಕೇಳಿದರೆ ಅದರ ಅರ್ಧ ಪಾಲು ಈ ಹಾಡಿನದ್ದು.

ಆ ಹೆಚ್ಚುವರಿ ಚರಣ 1969ರಲ್ಲಿ ಬಂದ ಸಿಂಗಲ್‌ನಲ್ಲೂ ಇಲ್ಲ, ಈ ಆಲ್ಬಂನಲ್ಲೂ ಇಲ್ಲ. ವೇದಿಕೆಯಲ್ಲಿ ಮಾತ್ರ ಹಾಡುತ್ತಿದ್ದದ್ದು. ಬೇಕಿದ್ದರೆ 1981ರ ಸೆಪ್ಟೆಂಬರ್‌ನಲ್ಲಿ ಇವರಿಬ್ಬರೂ ಮತ್ತೆ ಸೇರಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಕೊಟ್ಟ ಕಛೇರಿಯ ಎರಡು ತಟ್ಟೆಯ ಎಲ್‌ಪಿ ಹುಡುಕಿ.

ಪ್ರಶ್ನೆ: ‘ಸಿಸೀಲಿಯಾ’ ಹಾಡಿನ ತಾಳ ಯಾವಾಗಲೂ ಒರಟಾಗಿ, ಮಬ್ಬಾಗಿ ಕೇಳುತ್ತದೆ. ಸೂಜಿ ಬದಲಿಸಬೇಕೇ? – ಓದುಗರು, ದಾವಣಗೆರೆ

ಉತ್ತರ: ಬೇಡ. ಆ ತಾಳ ಸ್ಟುಡಿಯೋದ್ದಲ್ಲ. ಮನೆಯಲ್ಲಿ ಗೆಳೆಯರು ಸೇರಿ ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ ಸಾಮಾನ್ಯ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದದ್ದು. ಚೆನ್ನಾಗಿ ಬಂದ ತುಂಡನ್ನು ಮತ್ತೆ ಮತ್ತೆ ಜೋಡಿಸಿ ಅದರ ಮೇಲೆ ಹಾಡು ಕಟ್ಟಿದ್ದಾರೆ. ಆ ಒರಟುತನವೇ ಅದರ ಜೀವ.

ಪ್ರಶ್ನೆ: ತಟ್ಟೆ ಸವೆಯುವ ಮೊದಲು ಕಂಪ್ಯೂಟರ್‌ಗೆ ಇಳಿಸಿಕೊಳ್ಳಬೇಕು. ಹೇಗೆ? – ಓದುಗರು, ಕಲಬುರಗಿ

ಉತ್ತರ: ಪ್ರೀಆಂಪ್‌ನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್‌ಗೆ, ಅಲ್ಲಿಂದ ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶಕ್ಕೆ. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಹಿಡಿದರೆ ನಿಮಿಷಕ್ಕೆ ಸುಮಾರು 35 ಎಂಬಿ, ಈ ಆಲ್ಬಂನ ಎರಡೂ ಬದಿಗೆ 1.3 ಜಿಬಿ. ರೆಕಾರ್ಡಿಂಗ್ ಮಟ್ಟವನ್ನು ಶೀರ್ಷಿಕೆ ಗೀತೆಯ ಆರಂಭದ ಪಿಯಾನೋ ಕೇಳಿ ಹೊಂದಿಸಬೇಡಿ, ನಾಲ್ಕು ನಿಮಿಷದ ನಂತರ ಮೀಟರ್ ಕೆಂಪಿಗೆ ಹೋಗಿ ಇಡೀ ಬದಿ ಮತ್ತೆ ಮಾಡಬೇಕಾಗುತ್ತದೆ. ಮೊದಲು ಆ ಹಾಡಿನ ಕೊನೆಯ ಅಬ್ಬರವನ್ನು ನುಡಿಸಿ, ಅದರ ತುದಿ ಮೈನಸ್ 6 ಡೆಸಿಬೆಲ್‌ಗೆ ನಿಲ್ಲುವಂತೆ ಇಟ್ಟು, ಆಮೇಲೆ ಎರಡೂ ಬದಿಯನ್ನು ಅದೇ ಮಟ್ಟದಲ್ಲಿ ಹಿಡಿಯಿರಿ. ಪ್ರತಿ ಹಾಡಿಗೂ ಮಟ್ಟ ಬದಲಿಸಿದರೆ ಆಲ್ಬಂನ ಏರಿಳಿತವೇ ಕೆಡುತ್ತದೆ.

ನಿಮ್ಮ ಕಡೆಯ ಒಣ ಹವೆಯಲ್ಲಿ ತಟ್ಟೆಗೆ ಸ್ಥಿರವಿದ್ಯುತ್ ಹತ್ತಿ ಚಟಪಟ ಜಾಸ್ತಿ. ಮುದ್ರಿಸುವ ಮುನ್ನ ಕಾರ್ಬನ್ ಫೈಬರ್ ಬ್ರಷ್ ಅನ್ನು ತಿರುಗುವ ತಟ್ಟೆಯ ಮೇಲೆ ಎರಡು ಸುತ್ತು ಹಗುರವಾಗಿ ಹಿಡಿಯಿರಿ. ಕ್ಲಿಕ್ ತೆಗೆಯುವ ಫಿಲ್ಟರ್ ಅನ್ನು ಇಡೀ ಬದಿಗೆ ಒಟ್ಟಿಗೆ ಹಾಕಬಾರದು. ‘ಬೈ ಬೈ ಲವ್’ ಹಾಡಿನಲ್ಲಿ ಸಭಿಕರ ಚಪ್ಪಾಳೆಯಿದೆ, ‘ಸಿಸೀಲಿಯಾ’ದಲ್ಲಿ ಕೈಬಡಿತ, ‘ದಿ ಬಾಕ್ಸರ್’ನಲ್ಲಿ ಆ ಡ್ರಮ್. ಫಿಲ್ಟರ್‌ಗೆ ಇವೆಲ್ಲ ಗೀರಿನ ಸದ್ದಿನಂತೆ ಕಂಡು ಅವುಗಳ ಮೊನೆ ಕತ್ತರಿಸಿಹಾಕುತ್ತದೆ. ಎರಡೂ ಬದಿಯ ಕೊನೆಯ ಮೆಲುದನಿ ಹಾಡುಗಳಲ್ಲಿ, ಕಣ್ಣಿಗೆ ಅಲೆಯಲ್ಲಿ ಕಾಣುವ ಕ್ಲಿಕ್‌ಗಳನ್ನು ಒಂದೊಂದಾಗಿ ಆರಿಸಿ ತೆಗೆಯಿರಿ. ಮೂಲ ಫೈಲನ್ನು ತಿದ್ದದೆ ಬೇರೆ ಇಟ್ಟುಕೊಳ್ಳಿ.